ಪ್ಲಾಸ್ಟರ್ ಬಿಚ್ಚಿದ ಮೇಲೆ ಏನು? ಗಾಯಗೊಂಡ ಮಕ್ಕಳ ಆಟ ಮತ್ತು ಸರ್ಕಾರದ ಪಟ್ಟಿಗಳು

2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಕೂಸೊಂದು ಆಡ್ತಾ ಆಡ್ತಾ ಹೋಗಿ ಕೊಳವೆಬಾವಿಗೆ ಬಿತ್ತು. ನಿಮಗೆ ನೆನಪಿರಬಹುದು. ರಾತ್ರಿಯಿಡೀ ಜೆಸಿಬಿ ಸದ್ದು, ಎನ್‌ಡಿಆರ್‌ಎಫ್ ತಂಡ, ಟಿವಿ ಚಾನೆಲ್‌ಗಳ ಲೈವ್. ಸುಮಾರು 20 ಗಂಟೆ ಕಳೆದ ಮೇಲೆ, ಮಾರನೇ ದಿನ ಮಧ್ಯಾಹ್ನ, ಕೂಸನ್ನು ಜೀವಂತವಾಗಿ ಹೊರಗೆ ತಂದರು. ಮನಸ್ಸು ಮಾಡಿದರೆ ಒಂದು ಜೀವ ಉಳಿಸೋದು ನಮ್ಮ ವ್ಯವಸ್ಥೆಗೆ ಬರುತ್ತೆ ಅನ್ನೋದಕ್ಕೆ ಆ ಮಧ್ಯಾಹ್ನ ಸಾಕ್ಷಿ.

ಈ ಲೇಖನ ಇರೋದು ಕ್ಯಾಮೆರಾ ಬರದ ಗಾಯಗಳ ಬಗ್ಗೆ. ಜೀವಕ್ಕೆ ಅಪಾಯವಿಲ್ಲ ಅಂತ ಡಾಕ್ಟರ್ ಹೇಳಿದ ಮೇಲೆ, ಮನೆಯವರು ನಿಟ್ಟುಸಿರು ಬಿಟ್ಟ ಮೇಲೆ, ಡಿಸ್ಚಾರ್ಜ್ ಕಾರ್ಡ್ ಮಡಚಿ ಚೀಲದಲ್ಲಿ ಇಟ್ಟುಕೊಂಡ ಮೇಲೆ ಶುರುವಾಗೋ ತಿಂಗಳುಗಳ ಬಗ್ಗೆ.

ಲಚ್ಯಾಣದಿಂದ ಪಕ್ಕದ ಸಿಂದಗಿ ತಾಲೂಕಿಗೆ ಬನ್ನಿ. ಯಂಕಂಚಿಯಂಥ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ತೊಗರಿ, ಜೋಳ, ಹತ್ತಿ, ಕಬ್ಬಿನ ಸೀಮೆ. ಇಂಥ ಕಡೆ ಮಕ್ಕಳಿಗೆ ಪೆಟ್ಟಾಗೋ ದಾರಿಗಳು ಎಲ್ಲರಿಗೂ ಗೊತ್ತಿರೋವೇ. ಬೇವಿನ ಗಿಡದಿಂದ ಬೀಳೋದು, ಮಾಳಿಗೆಯಿಂದ ಬೀಳೋದು, ಸ್ನಾನಕ್ಕೆ ಕಾಯಿಸಿಟ್ಟ ನೀರಿನ ಹಂಡೆ ಮೈಮೇಲೆ ಎಳ್ಕೊಳ್ಳೋದು, ಒಲೆ ಮುಂದೆ ಲಂಗಕ್ಕೆ ಬೆಂಕಿ ತಗುಲೋದು, ಮೇವು ಕತ್ತರಿಸೋ ಮಷಿನ್ನಿಗೆ ಬೆರಳು ಕೊಡೋದು, ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಜೋತುಬಿದ್ದು ಕೆಳಗೆ ಉರುಳೋದು.

ಏಳು ವರ್ಷದ ಒಬ್ಬ ಹುಡುಗ ಗಿಡದಿಂದ ಬಿದ್ದ ಅಂದ್ಕೊಳ್ಳಿ. ಬೀಳುವಾಗ ಯಾರಾದರೂ ಮಾಡೋ ಹಾಗೆ ಅವನೂ ಕೈ ಚಾಚಿ ನೆಲಕ್ಕೆ ಊರಿದ. ಮೊಣಕೈಗಿಂತ ಸ್ವಲ್ಪ ಮೇಲೆ, ತೋಳಿನ ಎಲುಬು ತೆಳುವಾಗಿರೋ ಜಾಗದಲ್ಲಿ, ಮುರೀತು. ಐದರಿಂದ ಏಳು ವರ್ಷದ ಮಕ್ಕಳ ಮೊಣಕೈಯಲ್ಲಿ ಅತಿ ಹೆಚ್ಚು ಕಾಣೋ ಮುರಿತ ಇದೇ. ಆಸ್ಪತ್ರೆಗೆ ಹೋದರು, ಸರಿಯಾಗಿ ಕೂರಿಸಿ ಪ್ಲಾಸ್ಟರ್ ಹಾಕಿದರು, ಮೂರ್ನಾಲ್ಕು ವಾರಕ್ಕೆ ಬಿಚ್ಚಿದರು. ಎಲುಬು ಕೂಡಿಕೊಂಡಿದೆ. ಆದರೆ ಕೈ ಅರ್ಧಕ್ಕೆ ನಿಂತುಬಿಟ್ಟಿದೆ, ಪೂರ್ತಿ ಮಡಚೋಕೂ ಆಗಲ್ಲ, ಪೂರ್ತಿ ಚಾಚೋಕೂ ಆಗಲ್ಲ. ಹುಡುಗ ಅದನ್ನು ಎದೆಗೆ ಅವಚಿಕೊಂಡು ಓಡಾಡ್ತಾನೆ. ಯಾರು ಮುಟ್ಟೋಕೆ ಹೋದರೂ "ಬ್ಯಾಡ ಬ್ಯಾಡ, ಬ್ಯಾನಿ ಆಗ್ತದ" ಅಂತ ಅಳ್ತಾನೆ.

ಈಗ ಮನೆಯಲ್ಲಿ ಎರಡು ಸಲಹೆ ಬರುತ್ತೆ. ಡಾಕ್ಟರ್ "ವ್ಯಾಯಾಮ ಮಾಡಿಸಿ" ಅಂತ ಒಂದೇ ಮಾತು ಹೇಳಿ ಕಳಿಸಿರ್ತಾರೆ. ಇನ್ನೊಂದು ಕಡೆ ಮುತ್ಯಾ, "ಎಣ್ಣಿ ಹಚ್ಚಿ ನಾಕು ದಿನ ಜಗ್ಗಿ ತಿಕ್ಕಿದ್ರ ಸಡ್ಲ ಆಗ್ತದ ತಗೋ" ಅಂತಾರೆ. ಮುತ್ಯಾನ ಕಾಳಜಿ ನಿಜ, ಸಲಹೆ ಮಾತ್ರ ಅಪಾಯಕಾರಿ. ಮುರಿದು ಕೂಡಿದ ಮೊಣಕೈಯನ್ನು ಜೋರಾಗಿ ತಿಕ್ಕಿದರೆ, ಒತ್ತಾಯದಿಂದ ಎಳೆದರೆ, ಸುತ್ತಲಿನ ಸ್ನಾಯುವಿನೊಳಗೇ ಎಲುಬು ಬೆಳೆಯೋ ಸಾಧ್ಯತೆ ಇದೆ. ವೈದ್ಯರು ಇದನ್ನು ಮಯೊಸೈಟಿಸ್ ಒಸಿಫಿಕನ್ಸ್ ಅಂತಾರೆ. ಹಾಗಾದರೆ ಕೈ ಇನ್ನಷ್ಟು ಬಿಗಿಯುತ್ತೆ. ಇದಕ್ಕಿಂತ ಮುಂಚೆಯೇ ಇನ್ನೊಂದು ಅಪಾಯ ಇರುತ್ತೆ. ಬಿದ್ದ ಕೂಡಲೇ ಎಲುಬು ಕಟ್ಟೋರ ಹತ್ತಿರ ಹೋಗಿ ಬಿದಿರಿನ ಪಟ್ಟಿ ಬಿಗಿಯಾಗಿ ಕಟ್ಟಿಸಿದರೆ ರಕ್ತದ ಹರಿವು ನಿಂತು ಕೆಲವೇ ಗಂಟೆಗಳಲ್ಲಿ ಮುಂಗೈ ಸ್ನಾಯು ಸಾಯಬಹುದು. ಬೆರಳು ತಣ್ಣಗಾಗೋದು, ಬಿಳಿಚಿಕೊಳ್ಳೋದು, ಮರಗಟ್ಟೋದು, ಬೆರಳು ಬಿಡಿಸಿದರೆ ಕಿರುಚೋವಷ್ಟು ನೋವಾಗೋದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಯ ಪ್ಲಾಸ್ಟರ್ ಬಿಗಿಯಾದರೂ ಇದೇ ಮಾತು.

ಹಾಗಾದರೆ ಆ ಕೈ ಸಡಿಲ ಆಗೋದು ಹೇಗೆ? ಉತ್ತರ ಸ್ವಲ್ಪ ಆಶ್ಚರ್ಯದ್ದು. ಇಂಥ ಸರಳ ಮುರಿತ ಆದ ಮಕ್ಕಳಲ್ಲಿ ಫಿಸಿಯೊಥೆರಪಿ ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿದ ಒಂದು ಪ್ರಯೋಗ 2014ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಥೆರಪಿ ಪಡೆದವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಕೈಯನ್ನು ದಿನನಿತ್ಯ ಬಳಸ್ತಾ ಹೋದಂತೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ, ಚಲನೆ ವಾಪಸ್ ಬರುತ್ತೆ. ಮಗುವಿನ ದಿನನಿತ್ಯ ಅಂದ್ರೆ ಏನು? ಆಟ. ಅಂದರೆ ಇಲ್ಲಿ ಆಟ ಅನ್ನೋದು ಚಿಕಿತ್ಸೆಗೆ ಹಚ್ಚಿದ ಸಕ್ಕರೆ ಅಲ್ಲ, ಚಿಕಿತ್ಸೆಯೇ ಅದು.

ಆದರೆ "ಆಡ್ಲಿ ಬಿಡ್ರಿ" ಅಂದ ಮಾತ್ರಕ್ಕೆ ಹೆದರಿದ ಮಗು ಆಡಲ್ಲ. ಆಡುವಂತೆ ಮಾಡೋದೇ ಒಂದು ವಿದ್ಯೆ.

ಹತ್ತು ಸಲ ಮಡಚು ಅನ್ನೋದಕ್ಕೂ ಬಗರಿಗೂ ಇರೋ ವ್ಯತ್ಯಾಸ

ದೊಡ್ಡವರಿಗೆ ಫಿಸಿಯೊಥೆರಪಿಸ್ಟ್ "ದಿನಕ್ಕೆ ಮೂರು ಹೊತ್ತು, ಹತ್ತತ್ತು ಸಲ" ಅಂದ್ರೆ ಅರ್ಥ ಆಗುತ್ತೆ. ಈಗ ನೋವು ತಿಂದರೆ ಮುಂದೆ ಲಾಭ ಅನ್ನೋ ಲೆಕ್ಕ ನಮ್ಮ ತಲೆಯಲ್ಲಿದೆ. ಏಳು ವರ್ಷದವನಿಗೆ ಆ ಮುಂದೆ ಅನ್ನೋದೇ ಇಲ್ಲ. ಅವನಿಗೆ ಇರೋದು ಈಗಿನ ನೋವು. ಅದಕ್ಕೇ ಐದನೇ ಸಲಕ್ಕೆ ಅಳು, ಆರನೇ ಸಲಕ್ಕೆ ಅವ್ವನ ಸಿಟ್ಟು, ಮೂರನೇ ದಿನಕ್ಕೆ ವ್ಯಾಯಾಮ ಬಂದ್.

ಅದೇ ಹುಡುಗನ ಕೈಗೆ ಬಗರಿ ಕೊಡಿ. ಹಗ್ಗ ಸುತ್ತೋಕೆ ಮುಂಗೈ ಒಳಕ್ಕೂ ಹೊರಕ್ಕೂ ತಿರುಗಬೇಕು. ಬೀಸಿ ಬಿಡೋಕೆ ಮೊಣಕೈ ಮಡಚಿ ಚಾಚಬೇಕು. ಸರಿಯಾಗಿ ತಿರುಗಲಿಲ್ಲ ಅಂದ್ರೆ ಅವನೇ ಮತ್ತೆ ಸುತ್ತುತ್ತಾನೆ. ಅರ್ಧ ಗಂಟೆಯಲ್ಲಿ ಎಷ್ಟು ಸಲ ಕೈ ಮಡಚಿದ ಅಂತ ಅವನೂ ಎಣಿಸಿಲ್ಲ, ಯಾರೂ ಎಣಿಸಿಲ್ಲ. ಗೋಲಿ ಹೊಡೆಯೋದು ಬೆರಳಿಗೆ. ತಲೆಗೆ ರುಮಾಲು ಸುತ್ತಿಕೊಂಡು ಗೌಡರ ಥರ ನಾಟಕ ಆಡೋದಿದೆಯಲ್ಲ, ಅದಕ್ಕೆ ಎರಡೂ ಮೊಣಕೈ ತಲೆಯ ಎತ್ತರಕ್ಕೆ ಏರಲೇಬೇಕು. ಕುಂಟಲಪಿ ಕಾಲಿಗೆ, ಆಣೆಕಲ್ಲು ಕಣ್ಣು-ಕೈ ಎರಡಕ್ಕೂ. ಚಿಣಿಕೋಲು ಮಾತ್ರ ತಡವಾಗಿ, ಎಲುಬು ಗಟ್ಟಿಯಾಗಿದೆ ಅಂತ ವೈದ್ಯರು ಹೇಳಿದ ಮೇಲೆ. ಮತ್ತೆ ಬಿದ್ದರೆ ಅದೇ ಜಾಗ ಮತ್ತೆ ಮುರಿಯಬಹುದು.

ಇಲ್ಲಿ ಕೆಲಸ ಮಾಡೋದು ಪುನರಾವರ್ತನೆ. ಸ್ನಾಯು, ಕೀಲು, ಮಿದುಳು ಮೂರೂ ಕಲಿಯೋದು ನೂರಾರು ಸಲ ಮಾಡಿದಾಗ. ಇದರ ಜೊತೆಗೆ ಗಮನ. ನೋವು ಬರೀ ಗಾಯದಲ್ಲಿ ಇರಲ್ಲ. ಅದನ್ನು ನೋವು ಅಂತ ಓದೋದು ಮಿದುಳು, ಮತ್ತು ಗಮನ ಬೇರೆಲ್ಲೋ ನೆಟ್ಟಾಗ ಆ ಓದು ಮಂದ ಆಗುತ್ತೆ. ಅಮೆರಿಕದ ಸಿಯಾಟಲ್‌ನ ಹಾರ್ಬರ್‌ವ್ಯೂ ಆಸ್ಪತ್ರೆಯಲ್ಲಿ ಹಂಟರ್ ಹಾಫ್‌ಮನ್ ಮತ್ತು ಡೇವಿಡ್ ಪ್ಯಾಟರ್ಸನ್ ಅನ್ನೋ ಮನೋವಿಜ್ಞಾನಿಗಳು ಸುಟ್ಟಗಾಯದವರಿಗಾಗಿ ಸ್ನೋವರ್ಲ್ಡ್ ಅನ್ನೋ ವರ್ಚುವಲ್ ರಿಯಾಲಿಟಿ ಆಟ ತಂದರು. ಡ್ರೆಸ್ಸಿಂಗ್ ಮಾಡುವಾಗ, ಬಿಗಿದ ಚರ್ಮ ಹಿಗ್ಗಿಸುವಾಗ, ರೋಗಿ ಹಿಮದ ಕಣಿವೆಯಲ್ಲಿ ಹಿಮದುಂಡೆ ಎಸೀತಾ ಇರ್ತಾನೆ. ನೋವು ಗಣನೀಯವಾಗಿ ಕಮ್ಮಿ ಆಯಿತು ಅಂತ ಅವರ ಅಧ್ಯಯನಗಳು ಹೇಳಿದವು. ಮಕ್ಕಳಿಗೆ ಸೂಜಿ ಚುಚ್ಚುವಾಗ ಗಮನ ಬೇರೆಡೆ ಸೆಳೆದರೆ ನೋವು ಕಮ್ಮಿ ಆಗುತ್ತೆ ಅನ್ನೋದನ್ನು ಹತ್ತಾರು ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ ಕಾಕ್ರೇನ್ ವಿಮರ್ಶೆಯೂ ಒಪ್ಪಿದೆ.

ವಿಆರ್ ಕನ್ನಡಕ ಸಿಂದಗಿಗೆ ಯಾವಾಗ ಬರುತ್ತೋ ಬಿಡಿ. ಸೋಪಿನ ನೀರು, ಒಂದು ಪ್ಲಾಸ್ಟಿಕ್ ಕೊಳವೆ ಇದ್ದರೆ ಗುಳ್ಳೆ ಊದಬಹುದು. ಗುಳ್ಳೆ ಊದೋ ಮಗು ತನಗೆ ಗೊತ್ತಿಲ್ಲದೇ ದೀರ್ಘ ಉಸಿರು ಬಿಡುತ್ತೆ, ಮೈ ಸಡಿಲ ಆಗುತ್ತೆ. ಎದೆ, ಹೊಟ್ಟೆಗೆ ಪೆಟ್ಟಾಗಿ ಮಲಗಿದ ಮಗುವಿಗೆ ಅದು ಶ್ವಾಸಕೋಶದ ವ್ಯಾಯಾಮವೂ ಹೌದು. ಖರ್ಚು ಐದು ರೂಪಾಯಿ.

ಒಂದು ಎಚ್ಚರಿಕೆ. ಆಟದ ಹೆಸರಲ್ಲಿ ಡ್ರಿಲ್ ಮಾಡಿಸಿದರೆ ಮಕ್ಕಳಿಗೆ ತಕ್ಷಣ ಗೊತ್ತಾಗುತ್ತೆ. "ಬಾ ಪುಟ್ಟಾ, ಚೆಂಡು ಆಡೋಣ" ಅಂತ ಕರೆದು ಬರೀ ನೋಯೋ ಕೈಯಲ್ಲೇ ಇಪ್ಪತ್ತು ಸಲ ಎಸೆಸಿದರೆ ಅದು ಆಟ ಅಲ್ಲ. ಬೇಡ ಅನ್ನೋ, ನಿಯಮ ಬದಲಿಸೋ, ಗೆಲ್ಲೋ ಅವಕಾಶ ಮಗುವಿಗೆ ಇರಬೇಕು. ಒಳ್ಳೆ ಥೆರಪಿಸ್ಟ್ ಮಾಡೋ ಜಾಣತನ ಅಂದ್ರೆ ಆಟವನ್ನು ಹೀಗೆ ಹೊಂದಿಸೋದು: ಗೆಲ್ಲಬೇಕು ಅಂದ್ರೆ ಆ ಚಲನೆ ಬರಲೇಬೇಕು, ಆದರೆ ಚಲನೆಯ ಹೆಸರನ್ನೇ ಯಾರೂ ಎತ್ತಬಾರದು. ಲಂಡನ್ನಿನಲ್ಲಿ ಒಂದು ಪಕ್ಕ ದುರ್ಬಲವಾದ ಮಕ್ಕಳಿಗೆ ಥೆರಪಿಸ್ಟ್‌ಗಳ ಜೊತೆ ಜಾದೂಗಾರರೂ ಸೇರಿ ಜಾದೂ ಕಲಿಸೋ ಬ್ರೀದ್ ಮ್ಯಾಜಿಕ್ ಅನ್ನೋ ಶಿಬಿರ ನಡೆದಿದೆ. ಎರಡೂ ಕೈ ಬಳಸದೇ ಆಗದ ಜಾದೂಗಳನ್ನೇ ಆರಿಸಿರ್ತಾರೆ. ಮಗು ಮನೆಗೆ ಹೋಗಿ ಅಕ್ಕ ತಮ್ಮಂದಿರ ಮುಂದೆ ಮೆರೆಯೋಕೆ ದಿನಾ ಅಭ್ಯಾಸ ಮಾಡುತ್ತೆ.

ಸುಟ್ಟ ಚರ್ಮ ಎಳೆಯುತ್ತೆ, ಮಗು ಬೆಳೆಯುತ್ತೆ

ಮುರಿದ ಎಲುಬಿಗಿಂತ ಕಷ್ಟದ ಕಥೆ ಸುಟ್ಟಗಾಯದ್ದು. ಗಾಯ ಮಾಯಿತು ಅಂತ ನಾವು ಅಂದ್ಕೊಳ್ಳೋ ದಿನ ನಿಜವಾದ ಜಗಳ ಶುರುವಾಗುತ್ತೆ. ಆಳವಾಗಿ ಸುಟ್ಟ ಜಾಗದ ಕಲೆ ತಿಂಗಳುಗಟ್ಟಲೆ ಒಳಗೊಳಗೇ ಕುಗ್ಗುತ್ತಾ, ಎಳೀತಾ ಇರುತ್ತೆ. ಒಂದು ವರ್ಷ, ಒಂದೂವರೆ ವರ್ಷ, ಕೆಲವೊಮ್ಮೆ ಎರಡು ವರ್ಷ. ನೋವಾಗದ ಹಾಗೆ ಮಗು ಕೈ ಮಡಚಿಟ್ಟುಕೊಂಡರೆ ಕೈ ಹಾಗೇ ಅಂಟಿಕೊಳ್ಳುತ್ತೆ. ಕತ್ತು ಬಗ್ಗಿಸಿಕೊಂಡಿದ್ದರೆ ಗದ್ದ ಎದೆಗೆ ಸೇರುತ್ತೆ. ಮಗುವಿಗೆ ಹಿತ ಅನ್ನಿಸೋ ಭಂಗಿಯೇ ಮುಂದೆ ಅಂಗ ಮುರುಟೋ ಭಂಗಿ. ಇದರ ಮೇಲೆ, ಮಗು ಬೆಳೀತಾ ಇರುತ್ತೆ, ಕಲೆ ಅದರ ಜೊತೆ ಬೆಳೆಯಲ್ಲ. ಇವತ್ತು ಸರಿಯಿದ್ದ ಬೆರಳು ಮೂರು ವರ್ಷ ಬಿಟ್ಟು ಸೊಟ್ಟಗಾಗಬಹುದು.

ಅದಕ್ಕೇ ಸ್ಪ್ಲಿಂಟ್ ಕಟ್ತಾರೆ, ದಿನದ 23 ಗಂಟೆ ಹಾಕ್ಕೊಂಡಿರಬೇಕಾದ ಬಿಗಿ ಬಟ್ಟೆ ಕೊಡ್ತಾರೆ. ಏಪ್ರಿಲ್-ಮೇ ತಿಂಗಳ ವಿಜಯಪುರದ ಬಿಸಿಲಲ್ಲಿ ಆ ಬಟ್ಟೆ ಹಾಕ್ಕೊಂಡಿರೋದು ಅಂದ್ರೆ ಏನು ಅಂತ ಯೋಚಿಸಿ. ಉಳಿದದ್ದು ಚಾಚೋದು, ಹಿಗ್ಗಿಸೋದು, ದಿನಾ, ತಿಂಗಳುಗಟ್ಟಲೆ. ಕಂಕುಳ ಸುಟ್ಟ ಮಗುವಿಗೆ ಕೈ ಮೇಲೆತ್ತಿಸಬೇಕು. "ಎತ್ತು" ಅಂದ್ರೆ ಎತ್ತಲ್ಲ. ಗೋಡೆಯ ಮೇಲೆ ಎತ್ತರದಲ್ಲಿ ಸುಣ್ಣದ ಕಲ್ಲಿಂದ ಚಿತ್ರ ಬರಿ ಅಂದ್ರೆ, ಬಲೂನು ನೆಲಕ್ಕೆ ಬೀಳಬಾರದು ಅಂದ್ರೆ ಎತ್ತುತ್ತೆ.

ನನಗೆ ಯಾವಾಗಲೂ ಅನ್ನಿಸೋದು, ನಮ್ಮ ಕಡೆಯ ಮಳೆಗಾಲದ ಹಬ್ಬಗಳನ್ನು ಯಾರೋ ಆಕ್ಯುಪೇಷನಲ್ ಥೆರಪಿಸ್ಟ್ ಕೂತು ಹೊಂದಿಸಿದ ಹಾಗಿದೆ. ಮೊದಲು ಮಣ್ಣೆತ್ತಿನ ಅಮಾವಾಸ್ಯೆ. ಮಣ್ಣು ಕಲಸಿ, ನಾದಿ, ಎತ್ತಿನ ಮೈ ಉರುಟು ಮಾಡಿ, ಕೋಡು ತೀಡಿ, ಕಿವಿ ಚಿವುಟಿ ಅಂಟಿಸೋದು. ಅಂಗೈಯ ಇಡೀ ಬಲದಿಂದ ಹಿಡಿದು ಬೆರಳ ತುದಿಯ ಚಿವುಟುವ ಬಲದ ತನಕ ಎಲ್ಲ ಅದರಲ್ಲಿ ಬಂತು. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳ ಗುಳ್ಳವ್ವ, ಅದೂ ಮಣ್ಣಿನದ್ದೇ, ಮೇಲೆ ಗುಲಗಂಜಿ, ಕುಸುಬಿ ಕಾಳು ಒಂದೊಂದಾಗಿ ಒತ್ತೋದು. ಶ್ರಾವಣಕ್ಕೆ ಪಂಚಮಿ ಜೋಕಾಲಿ. ಹಗ್ಗ ಗಟ್ಟಿಯಾಗಿ ಹಿಡೀಬೇಕು, ಬೆನ್ನು ನೆಟ್ಟಗಿಡಬೇಕು, ಸಮತೋಲನ ಕಾಯಬೇಕು. ದೊಡ್ಡ ನಗರದ ಥೆರಪಿ ಕೇಂದ್ರಗಳಲ್ಲಿ ಇದೇ ಕೆಲಸಕ್ಕೆ ಬಣ್ಣದ ಜೇಡಿಮುದ್ದೆ, ಮಣಿ, ಛಾವಣಿಗೆ ತೂಗುಬಿಟ್ಟ ಉಯ್ಯಾಲೆ ಇಟ್ಟಿರ್ತಾರೆ.

ಸುಟ್ಟಗಾಯದಲ್ಲಿ ಮಣ್ಣು ಮಾತ್ರ ಚರ್ಮ ಪೂರ್ತಿ ಮುಚ್ಚಿದ ಮೇಲೆಯೇ. ಹಸಿ ಗಾಯಕ್ಕೆ ಮಣ್ಣು ತಾಗಿದರೆ ನಂಜು, ಧನುರ್ವಾಯು. ಅಲ್ಲಿಯವರೆಗೆ ಸ್ವಚ್ಛ ಕೈ, ಸ್ವಚ್ಛ ಬಟ್ಟೆ. ಚರ್ಮ ಕೂಡಿದ ಹೊಸದರಲ್ಲಿ ಹೋಳಿಗೆಯ ಕಣಕ ಕೊಟ್ಟರೂ ಸಾಕು, ಎತ್ತು ಮಾಡೋ ಮಗು ಅದರಲ್ಲೂ ಮಾಡುತ್ತೆ. ಹೊಸ ಚರ್ಮಕ್ಕೆ ಬಿಸಿಲೂ ಆಗಿಬರಲ್ಲ, ಆಟ ನೆರಳಲ್ಲಿ ನಡೀಲಿ.

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಕೈ ಸುಟ್ಟ ಹುಡುಗಿಯ ಬಗ್ಗೆ "ಮನೀ ಕೆಲಸ ಮಾಡಿದ್ರ ಕೈ ತಾನ ಸಡ್ಲ ಆಗ್ತದ" ಅನ್ನೋ ಮಾತು ನಮ್ಮಲ್ಲಿ ಸಲೀಸಾಗಿ ಬರುತ್ತೆ. ಪಾತ್ರೆ ತಿಕ್ಕಿದರೂ ಬೆರಳು ಆಡುತ್ತೆ, ನಿಜ. ಆದರೆ ಅಲ್ಲಿ ಬೇಡ ಅನ್ನೋ ಅವಕಾಶ ಇಲ್ಲ, ಸೋಪಿನಪುಡಿ ಹೊಸ ಚರ್ಮವನ್ನು ಕೆರಳಿಸುತ್ತೆ, ಅದೇ ಒಲೆಯ ಮುಂದೆ ಮತ್ತೆ ಕೂರಬೇಕು. ಗಂಡುಮಗ ಕ್ರಿಕೆಟ್ ಆಡಿ ಕೈ ಸರಿಮಾಡಿಕೊಳ್ತಾನೆ, ಹೆಣ್ಣುಮಗಳು ಮುಸುರೆ ತಿಕ್ಕಿ. ಆಟಕ್ಕೆ ಹೊತ್ತು ಬೇಕು. ಆ ಹೊತ್ತು ಯಾರಿಗೆ ಸಿಗುತ್ತೆ, ಊರ ಯಾವ ಬಯಲಿನಲ್ಲಿ ಯಾವ ಕೇರಿಯ ಮಕ್ಕಳು ಆಡಬಹುದು ಅನ್ನೋದು ಗಾಯಕ್ಕಿಂತ ಮುಂಚೆಯೇ ತೀರ್ಮಾನ ಆಗಿರುತ್ತೆ.

ಮತ್ತೆ ಮತ್ತೆ ಬೀಳೋ ಗೊಂಬೆ

ಗಾಯ ಮೈಗೆ ಮಾತ್ರ ಆಗಿರಲ್ಲ. ಬ್ರಿಟನ್ನಿನಲ್ಲಿ 1952ರಲ್ಲಿ ಜೇಮ್ಸ್ ರಾಬರ್ಟ್‌ಸನ್ ಅನ್ನೋರು ಆಸ್ಪತ್ರೆ ಸೇರಿದ ಎರಡು ವರ್ಷದ ಹುಡುಗಿಯೊಬ್ಬಳ ಎಂಟು ದಿನಗಳನ್ನು ಚಿತ್ರೀಕರಿಸಿದರು. ಆಗ ಅಲ್ಲಿನ ಆಸ್ಪತ್ರೆಗಳಲ್ಲಿ ತಂದೆತಾಯಿ ಮಗುವಿನ ಜೊತೆ ಇರುವಂತಿರಲಿಲ್ಲ, ನೋಡಲಿಕ್ಕೂ ಹೊತ್ತು ಗೊತ್ತು. ಆ ಮಗು ಗಲಾಟೆ ಮಾಡಲಿಲ್ಲ, ಆದರೆ ದಿನೇ ದಿನೇ ಒಳಗೆ ಕುಸೀತಾ ಹೋದದ್ದು ಪರದೆ ಮೇಲೆ ಕಾಣ್ತಿತ್ತು. ವೈದ್ಯರೇ ಸಿಟ್ಟಾದರು. ಆ ವಾದವಿವಾದ 1959ರ ಪ್ಲಾಟ್ ವರದಿಗೆ ದಾರಿ ಮಾಡಿತು: ತಂದೆತಾಯಿಗೆ ಜೊತೆಗಿರೋ ಅವಕಾಶ ಬೇಕು, ವಾರ್ಡಿನಲ್ಲಿ ಮಕ್ಕಳಿಗೆ ಆಟ ಬೇಕು ಅಂತ. ಮಕ್ಕಳ ವಾರ್ಡಿನಲ್ಲಿ ಆಟಿಕೆ ಇಡಬೇಕು ಅನ್ನೋ ಇವತ್ತಿನ ಒಪ್ಪಿಗೆಯ ಹಿಂದೆ ಇಂಥ ಜಗಳಗಳಿವೆ. ನಮ್ಮ ಆಸ್ಪತ್ರೆಗಳಲ್ಲಿ ಅವ್ವಂದಿರು ಮಂಚದ ಕೆಳಗೇ ಮಲಗಿರ್ತಾರೆ, ಆ ಒಂದು ವಿಷಯದಲ್ಲಿ ನಾವು ಪುಣ್ಯವಂತರು. ಆಟಿಕೆಯ ವಿಷಯ ಬೇರೆ. ಹೆಸರು ಬೇಡ, ಒಂದು ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನಾನು ಕಂಡದ್ದು ಗಾಜಿನ ಕಪಾಟಿನ ತುಂಬಾ ಗೊಂಬೆಗಳು, ಕಪಾಟಿಗೆ ಬೀಗ. ಬೀಗದ ಕೈ ಸಿಸ್ಟರ್ ಹತ್ತಿರ, ಸಿಸ್ಟರ್ ರಜೆ.

ಆ ಗೊಂಬೆ ಹೊರಗೆ ಬಂದರೆ ಅದಕ್ಕೂ ಒಂದು ಕೆಲಸ ಇದೆ. ನಾಳೆ ಮಗುವಿಗೆ ಡ್ರೆಸ್ಸಿಂಗ್ ಇದ್ದರೆ ಇವತ್ತು ಗೊಂಬೆಗೆ ಮಗುವಿನ ಕೈಯಿಂದಲೇ ಡ್ರೆಸ್ಸಿಂಗ್ ಮಾಡಿಸೋದು. ಪಟ್ಟಿ ಬಿಚ್ಚೋದು ಹೇಗೆ, ನೀರು ಹಾಕಿದಾಗ ಉರಿಯುತ್ತೆ, ಆಮೇಲೆ ಹೊಸ ಪಟ್ಟಿ. ಏನಾಗುತ್ತೆ ಅಂತ ಗೊತ್ತಿರೋ ಮಗು ಕಮ್ಮಿ ಹೆದರುತ್ತೆ. "ಏನೂ ಆಗಲ್ಲ, ನೋವಾಗಲ್ಲ" ಅಂತ ಸುಳ್ಳು ಹೇಳಿ ಕರ್ಕೊಂಡು ಹೋದರೆ ಮುಂದಿನ ಸಲ ಬಿಳಿ ಕೋಟು ಕಂಡರೆ ಸಾಕು, ಮಗು ಕಿರುಚುತ್ತೆ.

ಮನೆಗೆ ಬಂದ ಮೇಲೆ ಮಗು ಅಪಘಾತವನ್ನೇ ಆಟ ಆಡಬಹುದು. ಗೊಂಬೆಯನ್ನು ಕಟ್ಟೆ ಮೇಲಿಂದ ಬೀಳಿಸೋದು, ಆಟದ ಟ್ರ್ಯಾಕ್ಟರ್ ಹಾಯಿಸೋದು, ಮತ್ತೆ ಎತ್ತಿ ಪಟ್ಟಿ ಕಟ್ಟೋದು. ದೊಡ್ಡವರಿಗೆ ಮೈ ಜುಮ್ ಅನ್ನುತ್ತೆ, "ಅಪಶಕುನ ಆಡಬ್ಯಾಡ" ಅಂತ ಬಯ್ತಾರೆ. ಬಯ್ಯಬೇಡಿ. ಮಾತಿನಲ್ಲಿ ಹೇಳಕ್ಕಾಗದ್ದನ್ನು ಮಕ್ಕಳು ಹೀಗೇ ಹೇಳಿಕೊಳ್ಳೋದು, ಮತ್ತು ಈ ಸಲ ಯಾರು ಬೀಳಬೇಕು, ಯಾರು ಉಳೀಬೇಕು ಅನ್ನೋದು ಅವರ ಕೈಯಲ್ಲೇ ಇರುತ್ತೆ. ಆದರೆ ಎಲ್ಲ ಪುನರಾವರ್ತನೆಯೂ ಒಳ್ಳೇದಲ್ಲ. 1976ರಲ್ಲಿ ಅಮೆರಿಕದ ಚೌಚಿಲ್ಲಾದಲ್ಲಿ ಶಾಲಾ ಬಸ್ಸಿನ ಸಮೇತ 26 ಮಕ್ಕಳ ಅಪಹರಣ ಆಯಿತು, ಎಲ್ಲರೂ ಬದುಕಿ ಬಂದರು. ಆ ಮಕ್ಕಳನ್ನು ವರ್ಷಗಟ್ಟಲೆ ಮಾತಾಡಿಸಿದ ಮನೋವೈದ್ಯೆ ಲೆನೋರ್ ಟೆರ್ ಗಮನಿಸಿದ್ದು, ಕೆಲವರ ಆಟ ಒಂದೇ ಥರ, ನಗುವಿಲ್ಲದೇ, ಕೊನೆ ಬದಲಾಗದೇ ಸುತ್ತುತ್ತಾ ಇತ್ತು, ಭಯ ಇಳಿಯುವ ಬದಲು ಏರುತ್ತಿತ್ತು. ಅಂಥದ್ದು ಕಂಡರೆ, ಜೊತೆಗೆ ನಿದ್ದೆ ಇಲ್ಲ, ಹಾಸಿಗೆ ಒದ್ದೆ, ಮಾತು ಕಮ್ಮಿ ಅಂದ್ರೆ, ಆಗ ಮನೋಚಿಕಿತ್ಸಕರು ಬೇಕು. ಪ್ಲೇ ಥೆರಪಿ ಅನ್ನೋ ಹೆಸರು ಸರಿಯಾಗಿ ಸಲ್ಲೋದು ಅವರ ಆ ಕೆಲಸಕ್ಕೆ.

ತಲೆಗೆ ಪೆಟ್ಟಾದ ಮಕ್ಕಳದ್ದು ಇನ್ನೂ ಬೇರೆ. ಹೊರಗೆ ಗಾಯ ಕಾಣಲ್ಲ, ಆದರೆ ಗಮನ ನಿಲ್ಲಲ್ಲ, ಸಿಟ್ಟು ಬೇಗ, ಹೇಳಿದ್ದು ಮರೀತಾನೆ. ಶಾಲೆಯಲ್ಲಿ "ಉಡಾಳ" ಅನ್ನೋ ಹೆಸರು ಬೀಳುತ್ತೆ. ಚೌಕಾಬಾರ ಇವರಿಗೆ ಒಳ್ಳೆಯ ಆಟ. ಕವಡೆ ಎಣಿಸಬೇಕು, ಮನೆ ನೆನಪಿಡಬೇಕು, ತನ್ನ ಸರದಿ ಬರೋವರೆಗೆ ಕೈ ಕಟ್ಟಿ ಕೂರಬೇಕು. ಪೆಟ್ಟಾದ ಮಿದುಳಿಗೆ ಅತಿ ಕಷ್ಟದ ಕೆಲಸ ಈ ಕಾಯೋದೇ.

ಯಾವ ಪಟ್ಟಿಯಲ್ಲಿದ್ದಾನೆ ಈ ಹುಡುಗ?

ಈಗ ರಾಜಕೀಯಕ್ಕೆ ಬರೋಣ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಹಕ್ಕು ಅನ್ನುತ್ತೆ. ಭಾರತ ಅದನ್ನು ಒಪ್ಪಿದ್ದು 1992ರಲ್ಲಿ. ಕಾಗದದ ಮೇಲೆ ಕೊರತೆ ಇಲ್ಲ.

ಮಕ್ಕಳ ಆರೋಗ್ಯ ತಪಾಸಣೆಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ತಂಡಗಳು ಅಂಗನವಾಡಿ, ಶಾಲೆಗಳಿಗೆ ಹೋಗಿ 18 ವರ್ಷದವರೆಗಿನ ಮಕ್ಕಳನ್ನು ನೋಡ್ತವೆ. ನೋಡೋದು ನಾಲ್ಕು ಬಗೆ: ಹುಟ್ಟಿನಿಂದ ಬಂದ ದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ. ಸೀಳುತುಟಿ ಇದೆ, ರಕ್ತಹೀನತೆ ಇದೆ, ಹುಳುಕು ಹಲ್ಲು ಇದೆ. ಗಾಯ ಇಲ್ಲ. ಮುರಿದ ಕೈ, ಸುಟ್ಟ ಕತ್ತು ಆ ಪಟ್ಟಿಯೊಳಗೆ ಬರಲ್ಲ. ಜಿಲ್ಲೆಗೊಂದು ಇರಬೇಕಾದ ಶೀಘ್ರ ಮಧ್ಯಸ್ಥಿಕಾ ಕೇಂದ್ರದಲ್ಲಿ ಫಿಸಿಯೊಥೆರಪಿಸ್ಟ್ ಹುದ್ದೆಯೂ ಇದೆ, ಮನೋವಿಜ್ಞಾನಿಯ ಹುದ್ದೆಯೂ ಇದೆ. ಗಾಯದ ಮಗುವನ್ನು ಅಲ್ಲಿಗೆ ಕಳಿಸೋ ದಾರಿ ಮಾತ್ರ ಆ ಕಾರ್ಯಕ್ರಮದೊಳಗೆ ಬರೆದಿಲ್ಲ.

ಆಯುಷ್ಮಾನ್ ಭಾರತ್ ಕಟ್ಟಿರೋದು ಆಸ್ಪತ್ರೆಗೆ ದಾಖಲಾಗೋದರ ಸುತ್ತ. ಹೊರರೋಗಿ ಚಿಕಿತ್ಸೆ ಅದರಲ್ಲಿ ಇಲ್ಲ. ಡಿಸ್ಚಾರ್ಜ್ ಆದ ಮೇಲೆ 15 ದಿನದ ಆರೈಕೆ ಸೇರುತ್ತೆ. ಸುಟ್ಟ ಚರ್ಮ ಎಳೆಯೋದು ಒಂದೂವರೆ ವರ್ಷ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಪುನರ್ವಸತಿ 27ನೇ ಸೆಕ್ಷನ್ನಿನಲ್ಲಿದೆ, ಸರ್ಕಾರದ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಅನ್ನೋ ಮಾತಿನ ಜೊತೆಗೆ. ಹೆಚ್ಚಿನ ಸೌಲಭ್ಯಗಳ ಬಾಗಿಲು ತೆರೆಯೋದು ಅಂಗವೈಕಲ್ಯ ಶೇ. 40 ಮುಟ್ಟಿದಾಗ. ಇದರ ಅರ್ಥ ಏನಾಯ್ತು ನೋಡಿ. ಕೈ ಮುರುಟದಂತೆ ತಡೆಯಬಹುದಾದ ಆರು ತಿಂಗಳು ಆ ಮಗು ಯಾರ ಲೆಕ್ಕದಲ್ಲೂ ಇಲ್ಲ. ಪೂರ್ತಿ ಮುರುಟಿದ ಮೇಲೆ ಕಾರ್ಡು, ಪಿಂಚಣಿ, ಸಲಕರಣೆ. ತಡೆಯೋದಕ್ಕೆ ಕಾಸಿಲ್ಲ, ಆದಮೇಲೆ ಪರಿಹಾರ ಉಂಟು.

ಮನೆಯವರ ಲೆಕ್ಕವನ್ನೂ ಹಾಕಿ. ಸಿಂದಗಿಯಿಂದ ವಿಜಯಪುರ ಸುಮಾರು 60 ಕಿ.ಮೀ. ವಾರಕ್ಕೆ ಮೂರು ದಿನ, ಎಂಟು ವಾರ ಥೆರಪಿಗೆ ಬನ್ನಿ ಅಂದ್ರೆ 24 ದಿನ. 2023ರ ಶಕ್ತಿ ಯೋಜನೆಯಿಂದ ಅವ್ವನಿಗೆ ಬಸ್ ಫ್ರೀ ಆಯ್ತು, ಅದು ಸಣ್ಣ ವಿಷಯವಲ್ಲ. ಆದರೆ ದಿನದ ಕೂಲಿ ಹೋಯ್ತಲ್ಲ. 2025-26ರ ನರೇಗಾ ಕೂಲಿ 370 ರೂಪಾಯಿ ಹಿಡಿದರೂ 8,880 ರೂಪಾಯಿ. ಮನೆಯಲ್ಲಿ ಉಳಿದ ಮಕ್ಕಳನ್ನು ಯಾರು ನೋಡ್ಕೋಬೇಕು? ಗೋವಾಕ್ಕೋ ಪುಣೆಗೋ ಗುಳೆ ಹೋಗೋ ಕುಟುಂಬ ಆದರೆ ಮೂರನೇ ವಾರಕ್ಕೆ ಮಗುವೂ ಊರಲ್ಲಿಲ್ಲ. ಆಸ್ಪತ್ರೆಯ ಪುಸ್ತಕದಲ್ಲಿ "ಫಾಲೋಅಪ್‌ಗೆ ಬರಲಿಲ್ಲ" ಅಂತ ಬರೆದುಬಿಟ್ಟರೆ ತಪ್ಪು ಅವ್ವನದ್ದೇ ಆಗಿಬಿಡುತ್ತೆ.

ಕೈಕಾಲು ಕಳೆದುಕೊಂಡ ಮಕ್ಕಳಿಗೆ ಈ ಲೆಕ್ಕ ಇನ್ನೂ ಉದ್ದ. ಜಗತ್ತಿನಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಅಂಥ ಮಕ್ಕಳು ಅತಿ ಹೆಚ್ಚಿರೋದು ಗಾಜಾದಲ್ಲಿ ಅಂತ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ 2024ರ ಡಿಸೆಂಬರ್‌ನಲ್ಲಿ ಹೇಳಿದರು. ಯುದ್ಧದ ಬಾಂಬಿಗೂ ಮೇವು ಕತ್ತರಿಸೋ ಮಷಿನ್ನಿಗೂ ಹೋಲಿಕೆ ಮಾಡ್ತಿಲ್ಲ. ಆದರೆ ಮಗುವಿನ ಮೈ ಎಲ್ಲ ಕಡೆ ಒಂದೇ. ಬೆಳೆಯೋ ಮಗುವಿಗೆ ಕೃತಕ ಕಾಲನ್ನು ಹೆಚ್ಚುಕಮ್ಮಿ ವರ್ಷಕ್ಕೊಮ್ಮೆ ಬದಲಿಸಬೇಕು, ಪ್ರತಿ ಸಲ ನಡಿಗೆ ಹೊಸದಾಗಿ ಕಲೀಬೇಕು, ಮತ್ತು ಓಡಿ ಆಡೋಕೆ ಬಾರದ ಕಾಲನ್ನು ಮಗು ಮೂಲೆಗೆ ಎಸೆಯುತ್ತೆ. ಬೆಂಗಳೂರಿನಲ್ಲಿ 1959ರಿಂದ ಇರೋ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾದಂಥ ಸಂಸ್ಥೆಗಳು ಈ ಕ್ಷೇತ್ರದಲ್ಲಿ ದುಡಿದಿವೆ. ಅವರ ಕೆಲಸ ದೊಡ್ಡದು. ಯಂಕಂಚಿಗೂ ಬೆಂಗಳೂರಿಗೂ ಒಂದು ಇಡೀ ರಾತ್ರಿಯ ಬಸ್ ದಾರಿ ಇದೆ.

ವಿಜಯಪುರದಲ್ಲಿ 2025ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಪೂರ್ತಿ ಸರ್ಕಾರದ್ದೇ ಆಗಬೇಕು, ಖಾಸಗಿ ಸಹಭಾಗಿತ್ವ ಬೇಡ ಅಂತ ಜನ ಧರಣಿ ಕೂತರು. ಆ ಹೋರಾಟದ ಪರ ನಾನಿದ್ದೇನೆ. ಅದರ ಜೊತೆಗೆ ಒಂದು ಮಾತು: ಕಾಲೇಜು ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರೋದು ಆಪರೇಷನ್ ಥಿಯೇಟರ್, ಐಸಿಯು. ಮಕ್ಕಳ ಪುನರ್ವಸತಿ ವಿಭಾಗ, ಅದರಲ್ಲೊಂದು ಬೀಗ ಇಲ್ಲದ ಆಟದ ಕೋಣೆ, ವಾರಕ್ಕೊಮ್ಮೆ ತಾಲೂಕಿಗೆ ಹೋಗೋ ಥೆರಪಿಸ್ಟ್ ಕೂಡ ನಮ್ಮ ಬೇಡಿಕೆಯ ಪಟ್ಟಿಗೆ ಸೇರಲಿ.

ಕಾಲೇಜು ಆಗೋವರೆಗೆ ಕಾಯಬೇಕಿಲ್ಲ. ಗ್ರಾಮ ಪಂಚಾಯ್ತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಬಹಳಷ್ಟು ಮಂದಿ ಸ್ವತಃ ಅಂಗವಿಕಲರು, ಗೌರವಧನದ ಮೇಲೆ ದುಡಿಯೋರು, ಊರಿನ ಪ್ರತಿ ಮನೆ ಗೊತ್ತಿರೋರು. ಇವತ್ತು ಅವರ ದಿನ ಹೋಗೋದು ಹೆಚ್ಚಾಗಿ ಅರ್ಜಿ, ಪಿಂಚಣಿ, ಗುರುತಿನ ಚೀಟಿ ಅಂತ. ಶಿಕ್ಷಣ ಇಲಾಖೆಯಲ್ಲಿ ವಿಶೇಷ ಅಗತ್ಯದ ಮಕ್ಕಳಿಗೆ ಅಂತ ಸಂಪನ್ಮೂಲ ಶಿಕ್ಷಕರಿದ್ದಾರೆ, ಮನೆಗೇ ಹೋಗಿ ಕಲಿಸೋ ಗೃಹಾಧಾರಿತ ಶಿಕ್ಷಣವೂ ಇದೆ. ಪ್ಲಾಸ್ಟರ್ ಬಿಚ್ಚಿದ ದಿನ, ಸುಟ್ಟಗಾಯದ ವಾರ್ಡಿನಿಂದ ಬಿಡುಗಡೆ ಆದ ದಿನ, ಆಸ್ಪತ್ರೆಯಿಂದ ಇವರಿಗೆ ಒಂದು ಫೋನ್ ಹೋದರೆ? ಯಾವ ಕೀಲು, ಯಾವ ಚಲನೆ, ಯಾವ ಆಟ, ಯಾವುದು ಬೇಡ ಅನ್ನೋ ಒಂದು ಪುಟದ ಕನ್ನಡದ ಚೀಟಿ ಜೊತೆಗಿದ್ದರೆ? ಅವರಿಗೆ ಇದಕ್ಕೆ ತರಬೇತಿಯೂ ಬೇಕು, ಹೆಚ್ಚಿನ ದುಡ್ಡೂ ಬೇಕು. ಇನ್ನೊಂದು ಪುಕ್ಕಟೆ ಕೆಲಸವಾಗಿ ಇದನ್ನು ಅವರ ತಲೆಗೆ ಕಟ್ಟೋದಾದರೆ ಬೇಡವೇ ಬೇಡ.

ಶಾಲೆಯ ಮಾತು ಉಳೀತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೆ ಆಟದ ಮೈದಾನ, ಆಟದ ಸಾಮಾನು ಇರಬೇಕು ಅನ್ನುತ್ತೆ. ಮೈದಾನ ಇರೋ ಶಾಲೆಯಲ್ಲೂ ಪಿಟಿ ಪೀರಿಯಡ್ಡಿನಲ್ಲಿ ಗಾಯದ ಹುಡುಗ ಮೆಟ್ಟಿಲ ಮೇಲೆ ಕೂತು ಉಳಿದವರ ಚಪ್ಪಲಿ, ಚೀಲ ಕಾಯ್ತಿರ್ತಾನೆ. ಸ್ವಲ್ಪ ಕರುಣೆ ಇರೋ ಮಾಸ್ತರ ಆದರೆ ಸ್ಕೋರ್ ಬರೆಯೋಕೆ ಕೂರಿಸ್ತಾರೆ. ಲಗೋರಿಯಲ್ಲಿ ಕಲ್ಲು ಜೋಡಿಸೋನು ಅವನೇ ಆಗಲಿ, ಅವನಿಗೆ ಎರಡು ಹೆಜ್ಜೆ ಹತ್ತಿರದಿಂದ ಚೆಂಡು ಎಸೆಯೋ ರಿಯಾಯ್ತಿ ಇರಲಿ ಅಂತ ಒಂದು ಸಲ ಹೇಳಿ ನೋಡಿ, ಮಕ್ಕಳೇ ಉಳಿದ ನಿಯಮ ಮಾಡ್ಕೊಳ್ತಾರೆ. ಮುಖ ಸುಟ್ಟ ಹುಡುಗಿಯನ್ನು ಮೊದಲ ದಿನ ಎಲ್ಲರೂ ದುರುಗುಟ್ಟಿ ನೋಡ್ತಾರೆ. ಆಣೆಕಲ್ಲಿನಲ್ಲಿ ಅವಳು ನಾಲ್ಕು ಸಲ ಗೆದ್ದ ಮೇಲೆ ಅವರ ಜಗಳ ಆಟದ ಮೋಸದ ಬಗ್ಗೆ ಇರುತ್ತೆ.

ನಮ್ಮ ಪಂಚಾಯ್ತಿಗಳಲ್ಲಿ ಪ್ರತಿ ವರ್ಷ ಮಕ್ಕಳ ಗ್ರಾಮಸಭೆ ನಡೀಬೇಕು. ನಿಮ್ಮೂರಲ್ಲಿ ನಡೆದರೆ ಈ ಸಲ ಹೋಗಿ. ಶೌಚಾಲಯ, ಕುಡಿಯೋ ನೀರು, ಕಾಂಪೌಂಡ್ ಗೋಡೆಯ ಪ್ರಶ್ನೆಗಳು ಬಂದೇ ಬರ್ತವೆ, ಬರಲಿ. ಅವುಗಳ ಜೊತೆ ಇದನ್ನೂ ಕೇಳಿಸಿ: ಈ ವರ್ಷ ನಮ್ಮೂರಲ್ಲಿ ಎಷ್ಟು ಮಕ್ಕಳಿಗೆ ಕೈಕಾಲು ಮುರೀತು, ಎಷ್ಟು ಮಕ್ಕಳು ಸುಟ್ಟುಕೊಂಡರು, ಅವರಲ್ಲಿ ಇವತ್ತು ಸಂಜೆ ಬಯಲಿಗೆ ಆಡೋಕೆ ಬರದವರು ಯಾರು? ಪಿಡಿಒ ಹತ್ತಿರ ಉತ್ತರ ಇರಲಿಕ್ಕಿಲ್ಲ. ಆ ಹೆಸರುಗಳು ಅಲ್ಲಿ ನೆಲದ ಮೇಲೆ ಕೂತ ಮಕ್ಕಳಿಗೆಲ್ಲ ಗೊತ್ತಿರ್ತವೆ.